ಕಡಲೆಕಾಯಿಯ ತಳಿ ಬದಲಾಗಲು ಎಷ್ಟು ವರ್ಷ ಬೇಕು?

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ನಮ್ಮಲ್ಲಿ ಬಹಳ ಮಂದಿ ಒಮ್ಮೆಯಾದರೂ ಸುತ್ತಿದವರೇ. ಕಾರ್ತೀಕ ಮಾಸದ ಕಡೆಯ ಸೋಮವಾರ ದೊಡ್ಡಬಸವಣ್ಣನ ಗುಡಿಯ ಬೀದಿಯುದ್ದಕ್ಕೂ ಹಸಿ ಕಾಯಿ, ಹುರಿದ ಕಾಯಿ, ಬೇಯಿಸಿದ ಕಾಯಿಗಳ ರಾಶಿ. ಸೇರಿನಲ್ಲಿ ಅಳೆದು ಮೇಲೊಂದು ಹಿಡಿ ಕೊಸರು. ಸಾವಿರಾರು ಮೈಲಿ ದಾಟಿ ಜಾರ್ಜಿಯಾಕ್ಕೆ ಬಂದರೂ ಕಡಲೆಕಾಯಿ ನಮ್ಮನ್ನು ಬಿಟ್ಟಿಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಮ್ಮಿಂಗಿನಿಂದ ಒರ್ಲ್ಯಾಂಡೊ ಕಡೆಗೆ ಹೊರಟು ಐ-75 ಹಿಡಿದರೆ, ಮೇಕನ್ ದಾಟಿದ ಮೇಲೆ ಬೇಯಿಸಿದ ಕಡಲೆಕಾಯಿಯ ಬೋರ್ಡುಗಳು ಕಾಣಿಸತೊಡಗುತ್ತವೆ. ಆಶ್‌ಬರ್ನ್ ಊರಿನ ಹತ್ತಿರ ದೈತ್ಯ ಗಾತ್ರದ ಕಡಲೆಕಾಯಿಯ ಪ್ರತಿಮೆಯೊಂದು ಹೈವೇಗೇ ಕಾಣುತ್ತದೆ; 2018ರ ಮೈಕೇಲ್ ಚಂಡಮಾರುತಕ್ಕೆ ಬಿದ್ದುಹೋಗಿದ್ದುದನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಅಮೆರಿಕದ ಕಡಲೆಕಾಯಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬೆಳೆಯುವುದು ನಾವಿರುವ ಈ ರಾಜ್ಯದಲ್ಲೇ.

ಆದ್ದರಿಂದ ಎರಡು ಹೊಲಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ ಎನಿಸಿತು. ಒಂದು, ದಕ್ಷಿಣ ಜಾರ್ಜಿಯಾದ ಟಿಫ್ಟನ್ ಸುತ್ತಮುತ್ತಲಿನ ಹೊಲ. ಇನ್ನೊಂದು, ನಮ್ಮ ಪಾವಗಡ, ಶಿರಾ, ಚಳ್ಳಕೆರೆ ಕಡೆಯ ಹೊಲ. ಮಣ್ಣು ಬೇರೆ, ಮಳೆ ಬೇರೆ, ಯಂತ್ರಗಳು ಬೇರೆ. ಅದೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯ. ನಾನಿಲ್ಲಿ ಹೇಳಹೊರಟಿರುವುದು ಬೀಜದ ವಯಸ್ಸಿನ ಬಗ್ಗೆ. ಮೊದಲೇ ಒಂದು ಮಾತು: ನಾನು ಕೃಷಿ ವಿಜ್ಞಾನಿಯಲ್ಲ, ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ಶಿರಾ ಕಡೆ ಈಗಲೂ ಕಡಲೆಕಾಯಿ ಬಿತ್ತುವ ಸೋದರಮಾವ ಇದ್ದಾರೆ ಎಂಬುದಷ್ಟೇ ನನಗೆ ಈ ವಿಷಯದೊಂದಿಗಿರುವ ನಂಟು.

ಟಿಫ್ಟನ್ ಕಡೆಯ ರೈತರು 1970ರ ದಶಕದಲ್ಲಿ ಬಿತ್ತುತ್ತಿದ್ದುದು ಫ್ಲೋರನ್ನರ್ ಎಂಬ ತಳಿ; ಫ್ಲೋರಿಡಾ ವಿಶ್ವವಿದ್ಯಾಲಯ ಅದನ್ನು 1969ರಲ್ಲಿ ಬಿಡುಗಡೆ ಮಾಡಿತ್ತು. 1980ರ ದಶಕದ ಕೊನೆಗೆ ಥ್ರಿಪ್ಸ್ ಎಂಬ ನುಸಿಯಿಂದ ಹರಡುವ ಒಂದು ವೈರಸ್ ರೋಗ ಇಲ್ಲಿನ ಹೊಲಗಳಿಗೆ ಬಂತು. ಫ್ಲೋರನ್ನರ್ ತಡೆದುಕೊಳ್ಳಲಿಲ್ಲ. 1990ರ ದಶಕದ ನಡುವೆ ಜಾರ್ಜಿಯಾ ಗ್ರೀನ್ ಎಂಬ ತಳಿ ಬಂತು, ಕೆಲವೇ ವರ್ಷಗಳಲ್ಲಿ ಹೊಲಗಳನ್ನೆಲ್ಲ ತುಂಬಿತು. ಅದಾದ ಮೇಲೆ 2006ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಟಿಫ್ಟನ್ ಕೇಂದ್ರದ ಬಿಲ್ ಬ್ರಾಂಚ್ ಅವರು ತಂದ ಜಾರ್ಜಿಯಾ-06ಜಿ. ಹೀಗೆ ಒಬ್ಬ ರೈತನ ದುಡಿಮೆಯ ಅವಧಿಯಲ್ಲೇ ಮೂರು ತಳಿ ಬದಲಾದವು. 06ಜಿಗೂ ಈಗ ವಯಸ್ಸಾಗುತ್ತ ಬಂದಿದೆ, ಇಷ್ಟೊಂದು ನೆಲ ಒಂದೇ ತಳಿಯನ್ನು ನೆಚ್ಚಿಕೊಂಡಿರುವುದೂ ಸರಿಯಲ್ಲ. ಅದು ಬೇರೆ ಚರ್ಚೆ.

ಇತ್ತ ನಮ್ಮ ಕಡೆ? ಟಿಎಂವಿ-2 ಎಂಬ ತಳಿಯ ಹೆಸರನ್ನು ಊರಿನ ಹಿರಿಯರ ಬಾಯಲ್ಲಿ ನೀವು ಕೇಳಿರಬಹುದು. ತಮಿಳುನಾಡಿನ ತಿಂಡಿವನಂ ಕೇಂದ್ರದಲ್ಲಿ, ಅಲ್ಲಿನದೇ ಒಂದು ನಾಟಿ ತಳಿಯಿಂದ ಒಳ್ಳೆಯ ಗಿಡಗಳನ್ನು ಆರಿಸಿ ಮಾಡಿದ್ದು, ಬಿಡುಗಡೆಯಾದದ್ದು 1940ರಲ್ಲಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ, ಗಾಂಧೀಜಿ ಇನ್ನೂ ಬದುಕಿದ್ದರು. ಆ ಬೀಜವನ್ನು ಇಂದಿಗೂ ಬಿತ್ತುವವರಿದ್ದಾರೆ. ಎಂಬತ್ತು ವರ್ಷ ದಾಟಿದ ಸಾಫ್ಟ್‌ವೇರನ್ನು ಯಾರಾದರೂ ಇಂದು ಬಳಸುತ್ತಿದ್ದಾರೆ ಎಂದರೆ ನಾವು ನಂಬುತ್ತೇವೆಯೇ?

ಇದನ್ನು ಕೇಳಿ 'ನಮ್ಮ ರೈತರು ಹಳೆಯದನ್ನೇ ಹಿಡಿದುಕೊಂಡಿದ್ದಾರೆ' ಎಂದು ಹೇಳಿಬಿಡುವುದು ಸುಲಭ. ಅದು ನ್ಯಾಯವಲ್ಲ. ಟಿಎಂವಿ-2 ನೂರು-ನೂರಹತ್ತು ದಿನದ ಬೆಳೆ. ನಡುವೆ ಮಳೆ ಒಂದು ತಿಂಗಳು ಕಣ್ಮರೆಯಾದರೂ ಒಂದಿಷ್ಟು ಕಾಯಿ ಕೈಗೆ ಹತ್ತುತ್ತದೆ. ಮಂಡಿಯವರಿಗೆ ಗುರುತಿದೆ, ಎಣ್ಣೆ ಗಿರಣಿಯವರಿಗೆ ಗುರುತಿದೆ, ಪಕ್ಕದ ಹೊಲದವರ ಬಳಿ ಬೀಜ ಸಿಗುತ್ತದೆ. ಹೊಸ ತಳಿ ಬಂದು ಕೈಕೊಟ್ಟರೆ ಆ ವರ್ಷದ ಸಾಲವನ್ನು ವಿಶ್ವವಿದ್ಯಾಲಯ ತೀರಿಸುವುದಿಲ್ಲವಲ್ಲ! ಆದರೆ ಎಲೆಚುಕ್ಕೆ ರೋಗ ಮತ್ತು ತುಕ್ಕು ರೋಗ ಬಂತೆಂದರೆ ಈ ತಳಿ ಸೋಲುತ್ತದೆ. ಕೊಯ್ಲಿಗೆ ಇನ್ನೂ ಮೂರು ವಾರ ಇರುವಾಗಲೇ ಎಲೆಗಳು ಉದುರಿ ಬರಿ ಕಡ್ಡಿ ಉಳಿಯುತ್ತದೆ. ಕಾಯಿ ಬಲಿಯುವುದಿಲ್ಲ, ದನಕ್ಕೆ ಹಾಕಲು ಹೊಟ್ಟೂ ಇರುವುದಿಲ್ಲ. ಒಂದೇ ಏಟಿಗೆ ಎರಡು ನಷ್ಟ.

ಒಂದು ಸಣ್ಣ ಲೆಕ್ಕ

ತಳಿ ಸುಧಾರಣೆ ಎಷ್ಟು ವೇಗವಾಗಿ ಆಗುತ್ತದೆ ಎಂಬುದಕ್ಕೆ ತಳಿ ವಿಜ್ಞಾನಿಗಳ ಬಳಿ ಒಂದು ಸೂತ್ರವಿದೆ. ಬೆಳೆಗೂ ಅದೇ, ಹಸುವಿಗೂ ಅದೇ, ಕುರಿಗೂ ಅದೇ. ಹೈಸ್ಕೂಲಿನ ಗಣಿತ ಸಾಕು. ಮೇಲೆ ಮೂರು ಸಂಖ್ಯೆಗಳ ಗುಣಾಕಾರ: ಎಷ್ಟು ಬಿಗಿಯಾಗಿ ಆರಿಸುತ್ತೀರಿ, ನಿಮ್ಮ ಅಳತೆ ಎಷ್ಟು ನಂಬಿಕೆಗೆ ಅರ್ಹ, ಆರಿಸಲು ನಿಮ್ಮ ಮುಂದೆ ಎಷ್ಟು ವೈವಿಧ್ಯವಿದೆ. ಕೆಳಗೆ ಭಾಗಿಸುವ ಸಂಖ್ಯೆ: ಒಂದು ಸುತ್ತು ಮುಗಿಯಲು ಎಷ್ಟು ವರ್ಷ ಹಿಡಿಯುತ್ತದೆ.

ಕೆಳಗಿನ ಸಂಖ್ಯೆಯನ್ನೇ ಮೊದಲು ನೋಡಿ. ಸುತ್ತು ಹನ್ನೆರಡು ವರ್ಷದಿಂದ ಆರಕ್ಕೆ ಇಳಿದರೆ, ಬೇರೇನೂ ಬದಲಾಗದಿದ್ದರೂ ಪ್ರಗತಿ ಎರಡರಷ್ಟು. ಕಡಲೆಕಾಯಿಯಲ್ಲಿ ಈ ವರ್ಷಗಳು ಎಲ್ಲಿ ಹೋಗುತ್ತವೆ? ಕಡಲೆಕಾಯಿಯ ಹೂವು ಅರಳುವ ಹೊತ್ತಿಗೆ ತನ್ನದೇ ಪರಾಗದಿಂದ ಫಲಿತವಾಗಿಬಿಡುತ್ತದೆ. ಹಾಗಾಗಿ ಹಿಂದಿನ ಸಂಜೆಯೇ ಚಿಮಟಿಗೆ ಹಿಡಿದು, ಮೊಗ್ಗು ಬಿಡಿಸಿ ಕೇಸರಗಳನ್ನು ತೆಗೆಯಬೇಕು, ಮರುದಿನ ಬೆಳಗ್ಗೆ ಬೇರೆ ಗಿಡದ ಪರಾಗ ಹಚ್ಚಬೇಕು. ಇಷ್ಟು ಮಾಡಿದ ಮೇಲೂ ಒಂದು ಹೂವಿಗೆ ಸಿಗುವುದು ಒಂದೋ ಎರಡೋ ಕಾಳು. ಅಲ್ಲಿಂದ ಐದಾರು ತಲೆಮಾರು ಬೆಳೆಸಿ ಗುಣ ನಿಲ್ಲಿಸಬೇಕು, ಆಮೇಲೆ ಕೇಂದ್ರದ ತಾಕಿನಲ್ಲಿ ಪರೀಕ್ಷೆ, ಆಮೇಲೆ ಬೇರೆ ಬೇರೆ ರಾಜ್ಯಗಳಲ್ಲಿ ಮೂರು ವರ್ಷದ ಪರೀಕ್ಷೆ, ಆಮೇಲೆ ಸಮಿತಿ, ಅಧಿಸೂಚನೆ. ಹತ್ತು-ಹದಿನೈದು ವರ್ಷ ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಕಳೆಯುತ್ತದೆ. ಗೋಧಿ, ಬಾರ್ಲಿ, ಕಡಲೆಗಳನ್ನು ದಿನಕ್ಕೆ 22 ಗಂಟೆ ಬೆಳಕಿನಲ್ಲಿ ಬೆಳೆಸಿ ವರ್ಷಕ್ಕೆ ಆರು ತಲೆಮಾರಿನವರೆಗೂ ಪಡೆಯಬಹುದೆಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2018ರಲ್ಲಿ ತೋರಿಸಿಕೊಟ್ಟ ಮೇಲೆ ಈ ಭಾಗಕ್ಕೆ ವೇಗ ಬಂದಿದೆ.

ವೈವಿಧ್ಯದ ಮಾತಿಗೆ ಬಂದರೆ ನಮ್ಮವರೇ ಆದ ರಾಗಿ ಲಕ್ಷ್ಮಣಯ್ಯನವರಿಗಿಂತ ಒಳ್ಳೆಯ ಉದಾಹರಣೆ ಬೇಕೇ? ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಅವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿದರು. ಇಂಡಿಯಾ ಮತ್ತು ಆಫ್ರಿಕಾ ಸೇರಿ ಇಂಡಾಫ್ ಆಯಿತು. ರಾಗಿಯ ತವರು ಪೂರ್ವ ಆಫ್ರಿಕಾ. ತವರಿನ ತಳಿಗಳ ದಪ್ಪ ತೆನೆ ನಮ್ಮ ರಾಗಿಗೆ ಬಂದದ್ದು ಹಾಗೆ. ನಾವು ಇಲ್ಲಿ ಮುದ್ದೆ ತಿರುವುವಾಗಲೂ ಆ ಮನುಷ್ಯನ ಋಣ ಸ್ವಲ್ಪ ಇದ್ದೇ ಇರುತ್ತದೆ.

ಇನ್ನು ಅಳತೆಯ ನಂಬಿಕೆ. ನನ್ನ ಅಭಿಪ್ರಾಯದಲ್ಲಿ ಬಡ ದೇಶಗಳ ತಳಿ ಕಾರ್ಯಕ್ರಮಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಸಂಶೋಧನಾ ಕೇಂದ್ರದ ತಾಕಿಗೆ ನೀರಿದೆ, ಗೊಬ್ಬರವಿದೆ, ಕಳೆ ಕೀಳಲು ಆಳಿದ್ದಾರೆ. ಅಲ್ಲಿ ಮೊದಲ ಸ್ಥಾನ ಬಂದ ತಳಿ ಸೋದರಮಾವನ ಕಲ್ಲು ನೆಲದಲ್ಲಿ ಏಳನೇ ಸ್ಥಾನಕ್ಕೆ ಬೀಳಬಹುದು. ನಾವು ಸಾಫ್ಟ್‌ವೇರಿನವರು ದಿನವೂ ಹೇಳುವ ಮಾತು ಇದೇ ತಾನೆ: ನನ್ನ ಮೆಷಿನ್ನಿನಲ್ಲಿ ಸರಿಯಾಗಿ ಓಡುತ್ತದೆ! ಹೊಲದಲ್ಲೇ ಪರೀಕ್ಷೆ ಮಾಡಬೇಕೆಂದರೆ ಸಾವಿರಾರು ಹೊಲಗಳಿಗೆ ವಿಜ್ಞಾನಿಗಳು ಹೋಗಲಾರರು. ಅದಕ್ಕೆ ಯಾಕೋಬ್ ಫಾನ್ ಎಟನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಒಂದು ಜಾಣ ದಾರಿ ಹುಡುಕಿದ್ದಾರೆ. ಪ್ರತಿ ರೈತನಿಗೂ ಮೂರೇ ಮೂರು ಪೊಟ್ಟಣ ಬೀಜ, ಹೆಸರಿಲ್ಲದೆ. ಯಾರಿಗೆ ಯಾವ ಮೂರು ಹೋಗಬೇಕೆಂಬುದನ್ನು ಕಂಪ್ಯೂಟರು ನಿರ್ಧರಿಸುತ್ತದೆ. ಕೊಯ್ಲಾದ ಮೇಲೆ ರೈತ ಹೇಳಬೇಕಾದದ್ದು ಇಷ್ಟೇ: ಮೂರರಲ್ಲಿ ಯಾವುದು ಎಲ್ಲಕ್ಕಿಂತ ಚೆನ್ನ, ಯಾವುದು ಎಲ್ಲಕ್ಕಿಂತ ಕಡೆ. ಕಿಲೋ ಲೆಕ್ಕ ಬೇಡ, ತಕ್ಕಡಿ ಬೇಡ. ಒಬ್ಬನ ಉತ್ತರ ಒರಟು; ಸಾವಿರ ಜನರ ಉತ್ತರ ಸೇರಿದಾಗ ಕ್ರಿಕೆಟ್ ತಂಡಗಳ ರ‍್ಯಾಂಕಿಂಗಿನಂತೆ ಇಡೀ ಪಟ್ಟಿ ತಾನೇ ಮೂಡುತ್ತದೆ, ಯಾವ ಹವಾಮಾನಕ್ಕೆ ಯಾವ ತಳಿ ಎಂಬುದೂ ಹೊರಬೀಳುತ್ತದೆ. ಇಥಿಯೋಪಿಯಾ, ನಿಕರಾಗುವಾ ಮತ್ತು ಭಾರತದ 12,000ಕ್ಕೂ ಹೆಚ್ಚು ತಾಕುಗಳಲ್ಲಿ ಹೀಗೆ ಮಾಡಿದ ಕೆಲಸದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಇದರಲ್ಲಿ ಪ್ರಯೋಗಾಲಯದ ಯಂತ್ರ ಒಂದೂ ಇಲ್ಲ.

ರೈತರನ್ನು ಕೇಳುವುದರಿಂದ ಇನ್ನೊಂದು ಲಾಭ. ಪಾವಗಡದ ಗಡಿ ದಾಟಿದರೆ ಅನಂತಪುರ. ಅಲ್ಲಿ 2000ದ ದಶಕದ ಆರಂಭದಲ್ಲಿ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯವರು ಟಿಎಂವಿ-2ಕ್ಕೆ ಬದಲಿ ಹುಡುಕುತ್ತ ರೈತರ ಹೊಲದಲ್ಲೇ ಹಲವು ತಳಿಗಳನ್ನು ಬೆಳೆಸಿ, ಅವರಿಂದಲೇ ಆರಿಸಿದರು. ಐಸಿಜಿವಿ 91114 ಎಂಬ ತಳಿ ಗೆದ್ದಿತು. ಕಾಯಿಯ ಇಳುವರಿ ಒಂದು ಕಾರಣ. ಇನ್ನೊಂದು ಕಾರಣ ವಿಜ್ಞಾನಿಗಳು ಮೊದಲು ಅಷ್ಟಾಗಿ ಅಳೆಯದೇ ಇದ್ದದ್ದು: ಅದರ ಹೊಟ್ಟು. ಆ ಹೊಟ್ಟು ತಿಂದ ದನಗಳು ಹಾಲು ಹೆಚ್ಚು ಕೊಟ್ಟವು. ಬರದ ಸೀಮೆಯಲ್ಲಿ ಕಾಯಿ ಕೈಕೊಟ್ಟ ವರ್ಷ ಮನೆ ನಡೆಸುವುದು ಹಸುವೇ ಎಂಬುದು ರೈತರಿಗೆ ಗೊತ್ತು. ಕೇಳದಿದ್ದರೆ ಈ ಗುಣ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಬೊಲಿವಿಯಾದಿಂದ ಧಾರವಾಡಕ್ಕೆ

ತುಕ್ಕು ಮತ್ತು ಎಲೆಚುಕ್ಕೆ ರೋಗದ ಮಾತಿಗೆ ಮರಳೋಣ. ಲೋಕದ ಕಡಲೆಕಾಯಿ ತಳಿಗಳಲ್ಲಿ ಈ ರೋಗಗಳಿಗೆ ಬಲವಾದ ನಿರೋಧ ಸಿಗುವುದು ಅಪರೂಪ. ಆದರೆ ದಕ್ಷಿಣ ಅಮೆರಿಕದ ಕಾಡು ಕಡಲೆಕಾಯಿಗಳಲ್ಲಿ ಇದೆ. ಅವುಗಳಲ್ಲೊಂದು, ಬೊಲಿವಿಯಾದ ಅರಾಕಿಸ್ ಕಾರ್ಡೆನಾಸಿ. ಅದರ ಬೀಜವನ್ನು ಸಂಗ್ರಹಿಸಿ ತಂದವರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ವಾಲ್ಟನ್ ಗ್ರೆಗರಿ ಒಬ್ಬರು. ಜೊತೆಗೆ ಅರ್ಜೆಂಟೀನಾದ ಕ್ರಾಪೊವಿಕಾಸ್ ಮತ್ತು ಪಿಯೆತ್ರಾರೆಲ್ಲಿ. ಆ ಸಂಗ್ರಹಕ್ಕೆ ಮೂವರ ಹೆಸರಿನ ಮೊದಲ ಅಕ್ಷರಗಳನ್ನೇ ಸೇರಿಸಿ ಗುರುತು ಕೊಟ್ಟಿದ್ದಾರೆ.

1960ರ ದಶಕದಲ್ಲಿ ನಾರ್ತ್ ಕೆರೊಲಿನಾದ ರಾಲಿಯಲ್ಲಿ, ಅಂದರೆ ನಮ್ಮ ಅನೇಕ ಬಂಧುಮಿತ್ರರು ಈಗ ಮನೆ ಮಾಡಿಕೊಂಡಿರುವ ಊರಿನಲ್ಲಿ, ಈ ಕಾಡು ಗಿಡವನ್ನು ಊರ ಕಡಲೆಕಾಯಿಯೊಂದಿಗೆ ಕೂಡಿಸಿದರು. ಇದು ಹೇಳಿದಷ್ಟು ಸುಲಭವಲ್ಲ. ಊರ ಕಡಲೆಕಾಯಿಯ ಜೀವಕೋಶದಲ್ಲಿ 40 ವರ್ಣತಂತುಗಳು, ಕಾಡಿನದರಲ್ಲಿ 20. ಕೂಡಿದರೆ ಹುಟ್ಟುವುದು 30ರ ಗಿಡ. ಅದಕ್ಕೆ ಬೀಜ ಕಟ್ಟುವುದಿಲ್ಲ, ಹೇಸರಗತ್ತೆಯ ಹಾಗೆ. ಆಗ ಕಾಲ್ಚಿಸಿನ್ ಎಂಬ ರಾಸಾಯನಿಕ ಹಚ್ಚಿ ಅದನ್ನು 60ಕ್ಕೆ ಏರಿಸಿದರು. 60ರ ಗಿಡ ಬೀಜ ಕಟ್ಟಿತು, ತಲೆಮಾರು ಉರುಳಿದಂತೆ ಹೆಚ್ಚುವರಿ ವರ್ಣತಂತುಗಳನ್ನು ಕಳೆದುಕೊಳ್ಳುತ್ತ ಕೊನೆಗೆ 40ಕ್ಕೆ ಬಂದು ನಿಂತಿತು. ಕಾಡಿನ ಕೆಲವು ಚೂರುಗಳು ಮಾತ್ರ ಅದರೊಳಗೆ ಉಳಿದುಕೊಂಡವು. ಎರಡು ಬೇರೆ ಕಂಪನಿಗಳ ಹೊಂದಿಕೆಯಾಗದ ಕೋಡನ್ನು ಒಂದು ಮಾಡುವ ಸಂಕಟ ಪಟ್ಟವರಿಗೆ ಇದರ ಕಷ್ಟ ಅರ್ಥವಾದೀತು.

ಆ ಸಾಲುಗಳು ರಾಲಿಯಿಂದ ಇಕ್ರಿಸ್ಯಾಟಿಗೆ ಬಂದವು. ಅಲ್ಲಿ ಇನ್ನಷ್ಟು ಆಯ್ಕೆಯಾಗಿ ಐಸಿಜಿವಿ 86855 ಎಂಬ ಸಾಲು ಸಿದ್ಧವಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ವಿ.ಸಿ. ಗೌಡ ಅವರು ಮತ್ತು ಅವರ ತಂಡ ಅದನ್ನು ಕೆಆರ್‌ಜಿ-1 ಎಂಬ ನಮ್ಮ ತಳಿಯೊಂದಿಗೆ ಕೂಡಿಸಿ ಜಿಪಿಬಿಡಿ-4 ಎಂಬ ತಳಿ ಮಾಡಿದರು. ತುಕ್ಕು ಮತ್ತು ತಡವಾಗಿ ಬರುವ ಎಲೆಚುಕ್ಕೆ, ಎರಡನ್ನೂ ತಡೆಯುವ ತಳಿ. 2002ರಲ್ಲಿ ಅದರ ವಿವರ ವಿಜ್ಞಾನ ಲೋಕಕ್ಕೆ ಪ್ರಕಟವಾಯಿತು. ಕೊಯ್ಲಿನ ದಿನವೂ ಹಸಿರಾಗಿ ನಿಂತ ಶೇಂಗಾ ಹೊಲ ಎಂದರೇನೆಂದು ಉತ್ತರ ಕರ್ನಾಟಕದ ರೈತರು ಕಂಡರು. ಔಷಧಿ ಸಿಂಪಡಣೆಯ ಖರ್ಚು ತಗ್ಗಿತು, ಹೊಟ್ಟೂ ಉಳಿಯಿತು.

ಇನ್ನೂ ಸ್ವಾರಸ್ಯದ ಭಾಗ ಆಮೇಲಿನದು. ಈ ಕಾಡು ಗಿಡದ ಚೂರುಗಳು ಜಗತ್ತಿನ ಎಲ್ಲೆಲ್ಲಿಗೆ ಹೋಗಿವೆ ಎಂಬ ಲೆಕ್ಕ ಯಾರ ಬಳಿಯೂ ಪೂರ್ತಿಯಾಗಿ ಇರಲಿಲ್ಲ. ಬೀಜ ಕೈಯಿಂದ ಕೈಗೆ ಹೋಗಿತ್ತು, ದಾಖಲೆ ಹಿಂದೆ ಬಿದ್ದಿತ್ತು. ನಮ್ಮ ಪಕ್ಕದ ಏಥೆನ್ಸಿನ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿರುವ ಡೇವಿಡ್ ಬರ್ಟಿಯೋಲಿ ಮತ್ತು ಸಂಗಡಿಗರು ತಳಿಗಳ ಡಿಎನ್‌ಎ ಓದಿ, ವಂಶಾವಳಿಗಳನ್ನು ಕೆದಕಿ 2021ರಲ್ಲಿ ಆ ಲೆಕ್ಕ ಹೊರತಂದರು. ಒಂದೇ ಒಂದು ಸಂಗ್ರಹದ ಬೀಜದಿಂದ ಬಂದ ಗುಣ ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾದ ಕಡೆ, ಅಮೆರಿಕ ಖಂಡಗಳು ಹೀಗೆ ಎಲ್ಲೆಡೆಯ ತಳಿಗಳಲ್ಲಿ ಕಾಣಿಸಿತು.

ಹೀಗೆ ಬೀಜ ಸಂಚರಿಸುವುದು ಇಂದು ಕಷ್ಟ. 1992ರ ಜೀವವೈವಿಧ್ಯ ಒಪ್ಪಂದದ ನಂತರ ಪ್ರತಿ ದೇಶಕ್ಕೂ ತನ್ನ ಸಸ್ಯಸಂಪತ್ತಿನ ಮೇಲೆ ಹಕ್ಕಿದೆ. ಬೆಳೆಗಳ ಸುಲಭ ವಿನಿಮಯಕ್ಕೆಂದು 2001ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಕಡಲೆಕಾಯಿಯ ಹೆಸರಿಲ್ಲ. ಬೊಲಿವಿಯಾದವರ ಪ್ರಶ್ನೆಯೂ ತಪ್ಪಲ್ಲ: ನಮ್ಮ ಕಾಡಿನ ಗಿಡದಿಂದ ಜಗತ್ತಿಗೆಲ್ಲ ಲಾಭವಾಯಿತು, ನಮಗೇನು ಬಂತು? ಆದರೆ ಬಾಗಿಲು ಪೂರ್ತಿ ಮುಚ್ಚಿದರೆ ಮುಂದಿನ ಜಿಪಿಬಿಡಿ-4 ಹುಟ್ಟುವುದಿಲ್ಲ. ಲಾಭ ಹಂಚಿಕೊಂಡು ಬೀಜ ಬಿಡುವ ದಾರಿ ಹುಡುಕಬೇಕು. ಇದುವರೆಗೆ ಆ ಕೆಲಸ ನಿಧಾನವಾಗಿಯೇ ಸಾಗಿದೆ.

ಇದೆಲ್ಲ ಕುಲಾಂತರಿ ಬೆಳೆಯೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಇಲ್ಲಿ ನಡೆದದ್ದು ಹೂವಿಗೆ ಹೂವು ಕೂಡಿಸುವ ಹಳೆಯ ಕೆಲಸವೇ. ಇತ್ತೀಚೆಗೆ ಧಾರವಾಡದಲ್ಲಿ ಜಿಪಿಬಿಡಿ-4ರ ರೋಗನಿರೋಧವನ್ನು ಹಳೆಯ ಟಿಎಂವಿ-2ಕ್ಕೇ ಸೇರಿಸುವಾಗಲೂ ಹಾಗೆಯೇ. ಡಿಎನ್‌ಎ ಪರೀಕ್ಷೆ ಬಳಸಿದ್ದು ಸಸಿಯಾಗಿರುವಾಗಲೇ ಯಾವುದರಲ್ಲಿ ಆ ಗುಣ ಇಳಿದಿದೆ ಎಂದು ಓದಲು ಮಾತ್ರ. ರೋಗ ಬರುವವರೆಗೆ ಕಾಯುವ ಕೆಲಸ ಉಳಿಯಿತು. ಮೇಲಿನ ಸೂತ್ರದಲ್ಲಿ ಹೇಳುವುದಾದರೆ ಅಳತೆಯ ನಂಬಿಕೆ ಹೆಚ್ಚಿತು, ವರ್ಷ ಕಡಿಮೆಯಾಯಿತು. ರೈತನಿಗೆ ಪರಿಚಿತವಾದ ತಳಿಯಲ್ಲೇ ರೋಗನಿರೋಧ ತಂದು ಕೊಡುವ ಈ ಯೋಚನೆ ನನಗೆ ಬಹಳ ಹಿಡಿಸಿತು.

ಬೀಜ ಊರು ಮುಟ್ಟುವುದು

ತಳಿ ಸಿದ್ಧವಾದ ಮಾತ್ರಕ್ಕೆ ಹೊಲಕ್ಕೆ ಬರುವುದಿಲ್ಲ. ಇಲ್ಲಿ ರಾಗಿಗೂ ಕಡಲೆಕಾಯಿಗೂ ಇರುವ ಅಂತರ ನೋಡಿ. ಒಂದು ಎಕರೆಗೆ ನಾಲ್ಕೈದು ಕಿಲೋ ರಾಗಿ ಬೀಜ ಸಾಕು. ಒಂದಕ್ಕೆ ಎಂಬತ್ತು ಪಟ್ಟು ಬಂತೆಂದು ಕಡಿಮೆ ಹಿಡಿದರೂ, ಒಂದು ಕ್ವಿಂಟಲ್ ಬೀಜ ಎರಡೇ ಬೆಳೆಯಲ್ಲಿ ಲಕ್ಷ ಎಕರೆಗೆ ಸಾಲುವಷ್ಟಾಗುತ್ತದೆ. ಕಡಲೆಕಾಯಿಗೆ ಎಕರೆಗೆ ನಲವತ್ತೈವತ್ತು ಕಿಲೋ ಕಾಳು ಬೇಕು, ವಾಪಸು ಸಿಗುವ ಬೀಜ ಎಂಟು-ಹತ್ತು ಪಟ್ಟು. ಒಂದು ಕ್ವಿಂಟಲಿನಿಂದ ಶುರುಮಾಡಿದರೆ ಎಂಟು, ಅರವತ್ತನಾಲ್ಕು, ಐನೂರ ಹನ್ನೆರಡು. ಮೂರು ಒಳ್ಳೆಯ ಬೆಳೆ ಬಂದ ಮೇಲೂ ಸಿಕ್ಕಿದ್ದು ಸಾವಿರದ ಚಿಲ್ಲರೆ ಎಕರೆಗೆ ಸಾಲುವಷ್ಟು. ಮಳೆ ಒಮ್ಮೆ ಕೈಕೊಟ್ಟರೆ ಮತ್ತೆ ಮೊದಲಿನಿಂದ. ಜೊತೆಗೆ ಕಡಲೆಕಾಯಿಯ ಬೀಜ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ, ಗೋದಾಮಿನಲ್ಲಿ ಜಾಗ ತಿನ್ನುತ್ತದೆ, ರೈತ ತನ್ನ ಬೆಳೆಯನ್ನೇ ಮರುವರ್ಷ ಬಿತ್ತಬಲ್ಲ. ಹೀಗಾಗಿ ಖಾಸಗಿ ಬೀಜ ಕಂಪನಿಗಳಿಗೆ ಮೆಕ್ಕೆಜೋಳದಲ್ಲಿರುವ ಉತ್ಸಾಹ ಇದರಲ್ಲಿಲ್ಲ. 1940ರ ತಳಿ ಇಷ್ಟು ಕಾಲ ಉಳಿದದ್ದಕ್ಕೆ ಇದು ದೊಡ್ಡ ಕಾರಣ.

ಇದಕ್ಕೆ ಮದ್ದು ಊರಿನಲ್ಲೇ ಇದೆ. ಕೊಳವೆಬಾವಿಯ ನೀರಿರುವ ನಾಲ್ಕಾರು ರೈತರು ಬೇಸಿಗೆ ಬೆಳೆಯಾಗಿ ಹೊಸ ತಳಿಯ ಬೀಜ ಬೆಳೆದರೆ, ಅದು ಮುಂಗಾರಿನ ಬಿತ್ತನೆಗೆ ತಾಜಾ ಆಗಿ ಸುತ್ತಲಿನವರಿಗೆ ಸಿಗುತ್ತದೆ. ಬೇಕಾಗುವುದು ಮೊದಲ ಚೀಲ ಅಸಲಿ ಬೀಜ, ಬೆರಕೆ ಗಿಡ ಕೀಳುವ ತರಬೇತಿ, ಒಣಗಿಸಲು ಜಾಗ, ಒಳ್ಳೆಯ ಚೀಲ, ಮತ್ತು ಕೊಯ್ಲಿನ ದಿನವೇ ಮಂಡಿಗೆ ಮಾರದೆ ಎರಡು ತಿಂಗಳು ಕಾಯುವಷ್ಟು ಕೈಸಾಲ.

ಕುರಿಯ ಹಟ್ಟಿಯಲ್ಲಿ

ಪ್ರಾಣಿಗಳ ವಿಷಯದಲ್ಲೂ ಸೂತ್ರ ಒಂದೇ, ಕಷ್ಟ ಮಾತ್ರ ಹೆಚ್ಚು. ಬೆಳಗಾವಿ, ವಿಜಯಪುರ ಕಡೆಯ ಡೆಕ್ಕನಿ ಕುರಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತದೆ. ಬಂಗಾಳದ ಸುಂದರಬನದಲ್ಲಿ ಗರೋಲೆ ಎಂಬ ಪುಟ್ಟ ಕುರಿಯಿದೆ. ಅದು ಎರಡು, ಮೂರು ಮರಿ ಹಾಕುತ್ತದೆ. ಮಹಾರಾಷ್ಟ್ರದ ಫಲ್ಟಣ್‌ನಲ್ಲಿರುವ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯವರು, ಚಂದಾ ನಿಂಬ್ಕರ್ ಅವರ ನೇತೃತ್ವದಲ್ಲಿ, ಗರೋಲೆಯ ಆ ಒಂದು ಗುಣವನ್ನು ಡೆಕ್ಕನಿಗೆ ತಂದರು. ಮೊದಲ ಮಿಶ್ರ ಮರಿಗಳು ಸಣ್ಣಗಿದ್ದವು. ಕುರಿಗಾರರಿಗೆ ಸಣ್ಣ ಟಗರು ಯಾಕೆ ಬೇಕು? ಹಾಗಾಗಿ ಮತ್ತೆ ಮತ್ತೆ ದೊಡ್ಡ ಮೈಯ ಕುರಿಗಳೊಂದಿಗೆ ಕೂಡಿಸಿದರು. ಅದರಲ್ಲಿ ನಮ್ಮ ಮಂಡ್ಯದ ಬನ್ನೂರು ಕುರಿಯ ಪಾಲೂ ಇದೆ. ಕಾರಣವಾದ ಜೀನ್ ಯಾವುದೆಂದು 2001ರಲ್ಲಿ ಗೊತ್ತಾದ ಮೇಲೆ ಒಂದು ಹನಿ ರಕ್ತ ಸಾಕಾಯಿತು, ಮರಿ ದೊಡ್ಡದಾಗಿ ಈಯುವವರೆಗೆ ಕಾಯಬೇಕಾಗಲಿಲ್ಲ. ತಮಾಷೆಯೆಂದರೆ, ಇದೇ ಜೀನ್ 1790ರ ದಶಕದಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿದ ಕುರಿಗಳೊಂದಿಗೆ ಆಸ್ಟ್ರೇಲಿಯಾಕ್ಕೆ ಹೋಗಿ, ಅಲ್ಲಿನ ಒಂದು ಫಾರ್ಮಿನ ಹೆಸರಿನಿಂದ ಪ್ರಸಿದ್ಧವಾಗಿತ್ತು. ಫಲ್ಟಣ್ ಕೆಲಸಕ್ಕೆ ಆಸ್ಟ್ರೇಲಿಯಾ ಸರ್ಕಾರದ ಸಂಶೋಧನಾ ನೆರವೂ ಬಂತು. ನಾರಿ ಸುವರ್ಣ ಎಂಬ ಹೆಸರಿನ ಈ ಕುರಿ ಕರ್ನಾಟಕದ ಹಟ್ಟಿಗಳಿಗೂ ಬಂದಿದೆ.

ಹತ್ತು ಕುರಿಗೆ ನಾಲ್ಕೈದು ಮರಿ ಹೆಚ್ಚು ಬಂದರೆ ಕುರಿಗಾರನ ಮನೆಗೆ ಅದು ದೊಡ್ಡ ಮೊತ್ತ. ಆದರೆ ದಿನಕ್ಕೆ ಹತ್ತಾರು ಮೈಲಿ ನಡೆಯುವ ಕುರಿಗೆ ಎರಡು ಮರಿಗಾಗುವಷ್ಟು ಹಾಲು ಬರಬೇಕೆಂದರೆ ಮೇವೂ ಬೇಕು. ಮೇವಿಲ್ಲದ ವರ್ಷ ಅವಳಿ ಮರಿಯಲ್ಲಿ ಒಂದನ್ನು ಕಳೆದುಕೊಳ್ಳುವುದೂ ಉಂಟು. ಎರಡು ಮರಿ ವರ, ಮೂರು ಮರಿ ಶಾಪ ಎಂಬುದು ಕುರಿಗಾರರೊಂದಿಗೆ ಕೂತು ಮಾತಾಡಿದವರಿಗೆ ಮಾತ್ರ ತಿಳಿಯುವ ಸಂಗತಿ.

ಹಸುವಿನ ವಿಷಯದಲ್ಲಿ ಒಂದೇ ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಅಮೆರಿಕದಲ್ಲಿ 2009ರಿಂದ ಹೋರಿಕರುವಿನ ಡಿಎನ್‌ಎ ನೋಡಿಯೇ ಅದರ ಹೆಣ್ಣುಮಕ್ಕಳು ಎಷ್ಟು ಹಾಲು ಕೊಟ್ಟಾವು ಎಂದು ಅಧಿಕೃತವಾಗಿ ಅಂದಾಜಿಸುತ್ತಾರೆ. ಭಾರತವೂ 2024ರಲ್ಲಿ ನಮ್ಮ ದನಗಳಿಗೆಂದೇ ಗೌ ಚಿಪ್ ಎಂಬ ಡಿಎನ್‌ಎ ಚಿಪ್ ತಂದಿದೆ. ಆದರೆ ಚಿಪ್ಪಿಗೆ ಪಾಠ ಹೇಳಲು ಲಕ್ಷಾಂತರ ಹಸುಗಳ ಹಾಲಿನ ದಾಖಲೆ ಬೇಕು. ನಮ್ಮ ಹಳ್ಳಿಯ ಡೈರಿಯಲ್ಲಿ ಬೆಳಗ್ಗೆ ಸಂಜೆ ಹಾಲು ಅಳೆಯುತ್ತಾರೆ, ಕೊಬ್ಬಿನಂಶ ನೋಡುತ್ತಾರೆ, ಕಂಪ್ಯೂಟರಿಗೆ ಏರಿಸುತ್ತಾರೆ. ಅಳತೆ ಮನೆಯ ಕ್ಯಾನಿನದು, ಹಸುವಿನದಲ್ಲ! ಗೌರಿ ಎಷ್ಟು ಕೊಟ್ಟಳು, ಲಕ್ಷ್ಮಿ ಎಷ್ಟು ಕೊಟ್ಟಳು ಎಂಬುದು ಕ್ಯಾನಿನಲ್ಲೇ ಬೆರೆತುಹೋಗುತ್ತದೆ. ಹಸುವಿನ ಕಿವಿಯಲ್ಲಿ ಹನ್ನೆರಡು ಅಂಕೆಯ ಬಿಲ್ಲೆ ಈಗಾಗಲೇ ನೇತಾಡುತ್ತಿದೆ. ತಿಂಗಳಿಗೊಮ್ಮೆಯಾದರೂ ಆ ಅಂಕೆಯ ಎದುರು ಹಾಲಿನ ಅಳತೆ ಬರೆದರೆ, ಕೋಟಿಗಟ್ಟಲೆ ಬೆಲೆಯ ಪ್ರಯೋಗಾಲಯ ಮಾಡದ ಕೆಲಸ ಆಗುತ್ತದೆ. ಆಫ್ರಿಕಾದ ಇಥಿಯೋಪಿಯಾ, ಟಾಂಜಾನಿಯಾಗಳಲ್ಲಿ ಸಣ್ಣ ರೈತರ ಹಸುಗಳ ದಾಖಲೆಯನ್ನು ಮೊಬೈಲ್ ಮೂಲಕ ಹೀಗೆಯೇ ಕೂಡಿಹಾಕಿದ್ದಾರೆ.

ಹಣ ಯಾರದು?

ಜಾರ್ಜಿಯಾದ ಕಡಲೆಕಾಯಿ ಬೆಳೆಗಾರರು ತಾವು ಮಾರುವ ಪ್ರತಿ ಟನ್ನಿನ ಮೇಲೂ ಒಂದಿಷ್ಟು ಹಣವನ್ನು ತಮ್ಮದೇ ಕಡಲೆಕಾಯಿ ಕಮಿಷನ್ನಿಗೆ ಕೊಡುತ್ತಾರೆ. ಅದರ ಒಂದು ಪಾಲು ಸಂಶೋಧನೆಗೆ ಹೋಗುತ್ತದೆ. ಟಿಫ್ಟನ್ನಿನ ವಿಜ್ಞಾನಿ ಯಾರ ಹೊಲಕ್ಕಾಗಿ ಕೆಲಸ ಮಾಡುತ್ತಿದ್ದಾರೆ ಎಂಬ ಸಂಶಯ ಅಲ್ಲಿ ಹುಟ್ಟುವುದಿಲ್ಲ. ಹಣ ಕೊಟ್ಟವನೇ ಬಂದು ಕೇಳುತ್ತಾನೆ. ಎರಡು ಎಕರೆಯ ರೈತನಿಂದ ಇದನ್ನು ನಿರೀಕ್ಷಿಸಲಾಗದು. ಅವನ ಪರವಾಗಿ ಕೊಡುತ್ತಿದ್ದುದು ಸರ್ಕಾರ ಮತ್ತು ವಿದೇಶಿ ನೆರವು. 2025ರ ಜುಲೈನಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್ಏಡ್ ಮುಚ್ಚಿತು. ಅದರ ಹಣದಿಂದ ಅಮೆರಿಕದ ವಿಶ್ವವಿದ್ಯಾಲಯಗಳು ಬಡ ದೇಶಗಳ ರೈತರಿಗಾಗಿ ನಡೆಸುತ್ತಿದ್ದ ಬೆಳೆ, ಜಾನುವಾರು ಸಂಶೋಧನೆಗಳಲ್ಲಿ ಬಹುಪಾಲಿಗೆ ಆ ವರ್ಷವೇ ಪೆಟ್ಟು ಬಿತ್ತು. ಹನ್ನೆರಡು ವರ್ಷದ ಸುತ್ತಿನಲ್ಲಿ ಆರನೇ ವರ್ಷಕ್ಕೆ ಹಣ ನಿಂತರೆ ಅರ್ಧ ತಳಿ ಸಿಗುವುದಿಲ್ಲ. ಏನೂ ಸಿಗುವುದಿಲ್ಲ.

ಸಂಶೋಧನಾ ಕೇಂದ್ರ ಕಟ್ಟುವ ಶಕ್ತಿ ನಮ್ಮಂಥ ಕುಟುಂಬಗಳ ದೇಣಿಗೆಗೆ ಇಲ್ಲ. ಬೀಜ ಊರು ಮುಟ್ಟಿಸುವ ಕೊನೆಯ ಹೆಜ್ಜೆಗೆ ಇದೆ. ನಿಮ್ಮ ಊರಿನ ಕಡೆ ಇಂಥ ಕೆಲಸ ಮಾಡುವವರಿಗೆ ಹಣ ಕೊಡುವಾಗ ಕೆಲವು ವಿಷಯ ಕೇಳಿ ತಿಳಿದುಕೊಳ್ಳಿ. ಮೊದಲ ಬೀಜ ವಿಶ್ವವಿದ್ಯಾಲಯದಿಂದ ಬಂದದ್ದೋ, ಮಂಡಿಯಿಂದಲೋ? ತಳಿಯನ್ನು ಆರಿಸಿದ್ದು ಯಾರು, ಹೊಟ್ಟಿನ ಮಾತು ಹೆಂಗಸರನ್ನು ಕೇಳಿದರೋ? ಎರಡನೇ ವರ್ಷದ ಬೀಜವನ್ನು ಯಾರ ಮನೆಯಲ್ಲಿ, ಯಾವ ಚೀಲದಲ್ಲಿ ಇಡುತ್ತಾರೆ? ಪಾವಗಡದ ಕಡೆ ಬಿತ್ತನೆ ಜೂನ್ ಕೊನೆ, ಜುಲೈಗೆ. ಆ ಬಿತ್ತನೆಗೆ ಬೇಸಿಗೆ ಬೆಳೆಯ ಬೀಜ ಬೇಕಾದರೆ ನೀರಾವರಿ ಹೊಲದಲ್ಲಿ ಜನವರಿಯಲ್ಲೇ ಬಿತ್ತಬೇಕು, ಅದಕ್ಕೆ ಮೊದಲ ಚೀಲ ಡಿಸೆಂಬರಿಗೆ ಕೈಯಲ್ಲಿರಬೇಕು. ಪರಿಷೆಯಲ್ಲಿ ಕಡಲೆಕಾಯಿ ಕೊಳ್ಳುವ ಹೊತ್ತಿಗೇ ಬೀಜದ ಹಣವೂ ಊರಿಗೆ ತಲುಪಿದ್ದರೆ ಸಮಯಕ್ಕೆ ಸರಿಹೋಗುತ್ತದೆ.